ಕೇಸ್ ಶೀಟ್ ಓದಲು ಬಂದರೆ ಕೆಲಸ ಎಲ್ಲೆಲ್ಲಿದೆ

(ಮೈಸೂರಿನ ಪದವಿ ಕಾಲೇಜೊಂದರಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಸ್ಪತ್ರೆಯಲ್ಲಿ ಕೆಲಸ ಎಂದರೆ ನಮ್ಮ ಮನೆಗಳಲ್ಲಿ ಕಣ್ಣಿಗೆ ಬರುವುದು ಮೂರೇ ಜನ. ಡಾಕ್ಟರು, ನರ್ಸು, ಲ್ಯಾಬಿನವರು. ನೀಟ್‌ನಲ್ಲಿ ಸೀಟು ಸಿಗಲಿಲ್ಲ ಎಂದರೆ ಆಸ್ಪತ್ರೆಯ ಆಸೆ ಅಲ್ಲಿಗೆ ಮುಗಿಯಿತು ಅಂತ ಲೆಕ್ಕ. ಇಲ್ಲಿ ಕೂತಿರುವವರಲ್ಲಿ ಸುಮಾರು ಜನ ಹಾಗೇ ಬಿಎಸ್ಸಿಗೆ ಬಂದವರು ಅಂತ ನಿಮ್ಮ ಮೇಷ್ಟ್ರು ಹೇಳಿದರು. ಬಿಕಾಂ, ಬಿಸಿಎ ಮಕ್ಕಳೂ ಇದ್ದೀರಿ. ಇವತ್ತು ನಾನು ಮಾತಾಡುವುದು ನಾಲ್ಕನೆಯವರ ಬಗ್ಗೆ. ರೋಗಿಯ ಹತ್ತಿರ ಹೋಗುವುದು ಕಮ್ಮಿ, ರೋಗಿಯ ಕಾಗದದ ಜೊತೆ ದಿನವಿಡೀ ಇರುವವರು.

ನಾನು ಈ ಕಸುಬಿಗೆ ಬಂದಾಗ ಇದನ್ನು ರೆಕಾರ್ಡ್ ರೂಮ್ ಎನ್ನುತ್ತಿದ್ದರು. ಆಸ್ಪತ್ರೆಯ ನೆಲಮಾಳಿಗೆ, ಕಬ್ಬಿಣದ ರ‍್ಯಾಕು, ಧೂಳು, ಒಂದು ಟ್ಯೂಬ್‌ಲೈಟು. ಬೇರೆ ವಿಭಾಗದಲ್ಲಿ ಹೊಂದಿಕೆಯಾಗದವರನ್ನು ಇಲ್ಲಿಗೆ ತಳ್ಳುವ ಪದ್ಧತಿಯೂ ಇತ್ತು. ಈಗ ಅದೇ ಕೆಲಸಕ್ಕೆ ಹೆಲ್ತ್ ಇನ್ಫರ್ಮೇಶನ್ ಮ್ಯಾನೇಜ್‌ಮೆಂಟ್ ಅಂತ ಹೆಸರು. ಹೆಸರು ಸುಮ್ನೆ ದೊಡ್ಡದಾಗಲಿಲ್ಲ. ಒಂದು ಕೋಣೆಯಲ್ಲಿದ್ದ ಕೆಲಸ ಹತ್ತು ಕಡೆಗೆ ಹರಡಿಕೊಂಡಿದೆ. ಆದರೆ ಹತ್ತೂ ಕಡೆ ಬೇಕಾದ ವಿದ್ಯೆ ಒಂದೇ. ಕೇಸ್ ಶೀಟನ್ನು, ಅಂದರೆ ರೋಗಿಯ ಚಿಕಿತ್ಸೆಯ ಫೈಲನ್ನು ಓದಿ, ಅದರಲ್ಲಿ ಏನಿದೆ, ಏನಿಲ್ಲ, ಯಾವುದು ಯಾವುದಕ್ಕೆ ಹೊಂದುತ್ತಿಲ್ಲ ಎಂದು ಹೇಳುವುದು.

ಒಂದು ಕೇಸ್ ಶೀಟನ್ನೇ ಹಿಡಿದುಕೊಂಡು ಹೋಗೋಣ. ಇದು ನಾನೇ ಕಟ್ಟಿದ ಉದಾಹರಣೆ, ಯಾರೊಬ್ಬರ ಫೈಲೂ ಅಲ್ಲ.

ಪಾಂಡವಪುರದ ಕಡೆಯ ಒಬ್ಬ ರೈತ. ಹೆಸರು ಮಹದೇವಸ್ವಾಮಿ ಅಂತ ಇಟ್ಟುಕೊಳ್ಳಿ. ತ್ರೀ ಫೇಸ್ ಕರೆಂಟು ರಾತ್ರಿ ಬಂದಿದೆ, ಕಬ್ಬಿಗೆ ನೀರು ಕಟ್ಟಲು ಹೋಗಿದ್ದಾರೆ. ಬದುವಿನ ಮೇಲೆ ಕಾಲಿಗೆ ಹಾವು ಕಚ್ಚಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ವಿಷ ಇಳಿಸುವ ಇಂಜೆಕ್ಷನ್ ಶುರುಮಾಡಿ ಮೈಸೂರಿಗೆ ಕಳಿಸಿದ್ದಾರೆ.

ಮೊದಲ ಕೆಲಸ ನೋಂದಣಿ ಕೌಂಟರಿನದು. ಅದೇನು ಮಹಾ ಅಂದುಕೊಳ್ಳುವವರೇ ಜಾಸ್ತಿ. ನಮ್ಮ ಸೀಮೆಯಲ್ಲಿ ಮಹದೇವಸ್ವಾಮಿ, ನಂಜುಂಡಸ್ವಾಮಿ, ಪುಟ್ಟಸ್ವಾಮಿ ಅನ್ನುವವರು ದಿನಕ್ಕೆ ಎಷ್ಟು ಜನ ಬರುತ್ತಾರೆ ನೀವೇ ಯೋಚಿಸಿ. ಊರಿನಲ್ಲಿ ಇವರನ್ನು ಕರೆಯುವುದು ಮಾದೇವಣ್ಣ ಅಂತ. ಆಧಾರ್‌ನಲ್ಲಿ ಮಹದೇವಸ್ವಾಮಿ ಪಿ. ರೇಷನ್ ಕಾರ್ಡಿನಲ್ಲಿ ಪಿ. ಮಹದೇವ. ಜೊತೆಗೆ ಬಂದ ಬಾಮೈದ ಗಾಬರಿಯಲ್ಲಿ ಬರೆಸಿದ್ದು ಮಾದಪ್ಪ. ವಯಸ್ಸು ಕೇಳಿದರೆ, "ಐವತ್ತೋ ಅರವತ್ತೋ ಇರ್ಬೇಕು ಸಾ." ಇಲ್ಲಿ ಎಡವಿದರೆ ಒಬ್ಬ ಮನುಷ್ಯನಿಗೆ ಎರಡು ನಂಬರ್ ಬೀಳುತ್ತದೆ. ಹಳೆಯ ನಂಬರಿನ ಫೈಲಿನ ಮೇಲೆ ಪೆನ್ಸಿಲಿನ್ ಆಗುವುದಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದಿರುತ್ತದೆ, ಹೊಸ ಫೈಲು ಖಾಲಿ. ಇನ್ನೂ ಅಪಾಯದ್ದು, ಇಬ್ಬರು ಮಹದೇವಸ್ವಾಮಿಗಳು ಒಂದೇ ನಂಬರಿಗೆ ಸೇರಿಬಿಡುವುದು. ಹೀಗೆ ಬೆರೆತ ದಾಖಲೆಗಳನ್ನು ಬಿಡಿಸಿ, ಒಡೆದವನ್ನು ಕೂಡಿಸುವುದೇ ಈಗ ಒಂದು ಉದ್ಯೋಗ. ಮಾಸ್ಟರ್ ಪೇಷೆಂಟ್ ಇಂಡೆಕ್ಸ್ ಎನ್ನುತ್ತಾರೆ. ಎರಡು ಮೂರು ಶಾಖೆ ಇರುವ ಆಸ್ಪತ್ರೆಗಳಿಗೆ ಇದಿಲ್ಲದೆ ನಡೆಯುವುದಿಲ್ಲ.

ಮಹದೇವಸ್ವಾಮಿ ಗುಣವಾಗಿ ಮನೆಗೆ ಹೋದರು ಅನ್ನಿ. ಈಗ ಫೈಲು ವಾರ್ಡಿನಿಂದ ರೆಕಾರ್ಡ್ ರೂಮಿಗೆ ಬರಬೇಕು. ಅದನ್ನು ತರಿಸುವುದಕ್ಕೆ ಫೋನ್ ಮಾಡಿ ಮಾಡಿ ಸಾಕಾಗುತ್ತದೆ, ಆ ಮಾತು ಬೇಡ. ಬಂದ ಮೇಲೆ ಹಾಳೆಗಳನ್ನು ಕ್ರಮವಾಗಿ ಜೋಡಿಸುತ್ತೇವೆ. ಒಪ್ಪಿಗೆ ಪತ್ರದಲ್ಲಿ ಸಾಕ್ಷಿಯ ಸಹಿ ಇದೆಯಾ, ನೋಟ್‌ಗಳಿಗೆ ತಾರೀಕು ಮತ್ತು ಸಮಯ ಹಾಕಿದ್ದಾರಾ, ಪೊಲೀಸರಿಗೆ ತಿಳಿಸಬೇಕಾದ ಕೇಸು ಎನ್ನುವ ಮೆಡಿಕೋ ಲೀಗಲ್ ಮೊಹರು ಬಿದ್ದಿದೆಯಾ ನೋಡುತ್ತೇವೆ. ಇಷ್ಟು ಮಾಡಿ ಕಟ್ಟಿಟ್ಟರೆ ಹಳೆಯ ಕಾಲದ ಕೆಲಸ ಮುಗಿಯಿತು.

ಹೊಸ ಕಾಲದ ಕೆಲಸ ಇಲ್ಲಿಂದ ಶುರು. ಡಿಸ್ಚಾರ್ಜ್ ಸಮರಿಯಲ್ಲಿ ರೋಗದ ಹೆಸರು "ಸ್ನೇಕ್ ಬೈಟ್" ಅಂತ ಎರಡೇ ಪದ. ಒಳಗಿನ ಹಾಳೆಗಳು ಬೇರೆ ಕಥೆ ಹೇಳುತ್ತಿವೆ. ಡ್ಯೂಟಿ ಡಾಕ್ಟರು ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿದ್ದಾರೆ, ರಕ್ತ ಹೆಪ್ಪುಗಟ್ಟಿಲ್ಲ. ನರ್ಸ್ ಬರೆದ ಚಾರ್ಟಿನಲ್ಲಿ ಎರಡನೇ ದಿನದಿಂದ ಮೂತ್ರ ಕಮ್ಮಿಯಾಗುತ್ತಾ ಬಂದಿದೆ. ಲ್ಯಾಬ್ ಚೀಟಿಯಲ್ಲಿ ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ 1.1 ಇದ್ದದ್ದು 4.2ಕ್ಕೆ ಏರಿದೆ. ಡಯಾಲಿಸಿಸ್‌ಗೆ ಹೆಂಡತಿ ಹೆಬ್ಬೆಟ್ಟು ಒತ್ತಿದ್ದಾರೆ. ಕೊಳಕುಮಂಡಲದ ವಿಷ ಮೈಗೇರಿದರೆ ರಕ್ತವೂ ಕೆಡುತ್ತದೆ, ಕಿಡ್ನಿಗೂ ಹೊಡೆತ ಬೀಳುತ್ತದೆ ಎಂದು ಗೊತ್ತಿರುವವರಿಗೆ ಈ ನಾಲ್ಕು ಹಾಳೆ ಒಟ್ಟಿಗೆ ಓದಿದರೆ ಸಾಕು. ಆದರೆ ಸಮರಿಯಲ್ಲಿ ಕಿಡ್ನಿಯ ಸುದ್ದಿಯೇ ಇಲ್ಲ.

ಈಗ ನೀವೇನು ಮಾಡುತ್ತೀರಿ? ನೀವೇ ಬರೆದುಬಿಡುವ ಹಾಗಿಲ್ಲ, ರೋಗ ನಿರ್ಣಯ ಡಾಕ್ಟರದು. ಹಾಗಂತ ಬಾಯಿಮುಚ್ಚಿಕೊಂಡು ಇರುವ ಹಾಗೂ ಇಲ್ಲ. ಒಂದು ಪ್ರಶ್ನೆ ಬರೆದು ಕಳಿಸಬೇಕು. "ಸಾರ್, ಕಿಡ್ನಿ ಫೇಲ್ಯೂರ್ ಅಂತ ಸೇರಿಸಿಬಿಡಿ" ಎಂದು ಬರೆದರೆ ತಪ್ಪು. ಉತ್ತರವನ್ನು ನೀವೇ ಅವರ ಬಾಯಿಗೆ ಹಾಕಿದ ಹಾಗೆ. ಬರೆಯಬೇಕಾದ್ದು ಹೀಗೆ: "ಕ್ರಿಯಾಟಿನಿನ್ 1.1ರಿಂದ 4.2 ಆಗಿದೆ. ಮೂತ್ರ ಕಡಿಮೆಯಾದದ್ದು ಚಾರ್ಟಿನಲ್ಲಿದೆ. ಡಯಾಲಿಸಿಸ್ ಆಗಿದೆ. ಯಾವ ಸ್ಥಿತಿಗಾಗಿ ಈ ಚಿಕಿತ್ಸೆ ಎಂಬುದನ್ನು ದಯವಿಟ್ಟು ದಾಖಲಿಸಿ." ಫೈಲಿನಲ್ಲಿ ಇರುವುದನ್ನು ಮುಂದಿಟ್ಟು ಕೇಳುವುದು ಅಷ್ಟೇ. ಇದಕ್ಕೆ ಕ್ಲಿನಿಕಲ್ ಡಾಕ್ಯುಮೆಂಟೇಶನ್ ಅಂತ ಪ್ರತ್ಯೇಕ ವಿಭಾಗ ಇದೆ. ನರ್ಸಿಂಗ್ ಓದಿದವರು, ಹೋಮಿಯೋಪತಿ, ಆಯುರ್ವೇದ ಓದಿದವರು ಇದಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಎಲ್ಲಕ್ಕಿಂತ ಸೊಗಸಾದ ಕೆಲಸ ಇದೇ. ಡಾಕ್ಟರ ಜೊತೆ ಜಗಳ ಆಡದೆ ಅವರಿಂದ ನಿಜ ಬರೆಸುವುದು ಒಂದು ಕಲೆ.

ಡಾಕ್ಟರು ಬರೆದರು. ಈಗ ಕೋಡಿಂಗ್. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಎಂಬ ಪಟ್ಟಿ ಇದೆ, ಜಗತ್ತಿನ ರೋಗಗಳಿಗೆಲ್ಲ ಒಂದೊಂದು ಸಂಕೇತ. ಅದರ ಹತ್ತನೇ ಆವೃತ್ತಿಯಲ್ಲಿ ಹಾವಿನ ವಿಷಕ್ಕೆ ಟಿ63.0, ದಿಢೀರ್ ಕಿಡ್ನಿ ವೈಫಲ್ಯಕ್ಕೆ ಎನ್17, ವಿಷದ ಹಾವಿನ ಸಂಪರ್ಕಕ್ಕೆ ಎಕ್ಸ್20. ಮೂರೂ ಸೇರಿದಾಗ ಮಹದೇವಸ್ವಾಮಿಗೆ ಏನಾಯಿತು ಎನ್ನುವುದು ಪೂರ್ತಿ ಸಿಗುತ್ತದೆ. ಎನ್17 ಬಿಟ್ಟುಹೋಗಿದ್ದರೆ ಲೆಕ್ಕದಲ್ಲಿ ಅವರು ಕಚ್ಚಿಸಿಕೊಂಡು ಆರಾಮಾಗಿ ಮನೆಗೆ ಹೋದವರು.

ಲೆಕ್ಕ ಎಂದರೆ ಬರೀ ಲೆಕ್ಕ ಅಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅಂದರೆ ಸರ್ಕಾರಿ ಇರಲಿ, ಖಾಸಗಿ ಇರಲಿ, ಆಸ್ಪತ್ರೆ ಇದನ್ನು ತಿಳಿಸಲೇಬೇಕು. ಯಾವ ತಾಲ್ಲೂಕಿನಲ್ಲಿ ಜಾಸ್ತಿ, ಯಾವ ತಿಂಗಳಲ್ಲಿ ಜಾಸ್ತಿ, ಎಷ್ಟು ಜನರಿಗೆ ಡಯಾಲಿಸಿಸ್ ಬೇಕಾಯಿತು ಎಂದು ಗೊತ್ತಾದರೆ ತಾನೇ ಔಷಧಿ ಎಲ್ಲಿ ಎಷ್ಟು ಇಡಬೇಕು ಎಂದು ಹೇಳಲು ಆಗುವುದು? ಕೆ.ಆರ್.ಪೇಟೆಯ ಫ್ರಿಜ್‌ನಲ್ಲಿ ಇಂಜೆಕ್ಷನ್ ಇದೆಯೋ ಇಲ್ಲವೋ ಎನ್ನುವುದು ಯಾರೋ ಒಬ್ಬರು ಕೂತು ಹಾಕಿದ ಕೋಡಿಗೂ ಸಂಬಂಧಪಟ್ಟ ವಿಷಯ.

ಸಾವಿನ ಲೆಕ್ಕದಲ್ಲಿ ಇದು ಇನ್ನೂ ಸೂಕ್ಷ್ಮ. ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡರೆ ಫಾರಂ ನಂಬರ್ 4 ತುಂಬಬೇಕು, ಸಾವಿನ ಕಾರಣದ ವೈದ್ಯಕೀಯ ಪ್ರಮಾಣ ಪತ್ರ. ಅದರಲ್ಲಿ ಎ, ಬಿ, ಸಿ ಎಂದು ಸಾಲುಗಳಿವೆ. ಮೇಲಿನ ಸಾಲಿನಲ್ಲಿ ತಕ್ಷಣದ ಕಾರಣ, ಅದಕ್ಕೇನು ಕಾರಣ ಎಂಬುದು ಅದರ ಕೆಳಗೆ, ಹೀಗೆ ಇಳಿಯುತ್ತಾ ಮೂಲಕ್ಕೆ ಹೋಗಬೇಕು. ರಾತ್ರಿಪಾಳಿಯ ಅವಸರದಲ್ಲಿ ಬಹಳ ಜನ "ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್" ಎಂದು ಬರೆದು ಸಹಿ ಹಾಕುತ್ತಾರೆ. ಹೃದಯ, ಉಸಿರು ನಿಂತಿತು ಅಂತ. ಸ್ವಾಮಿ, ಸತ್ತವರೆಲ್ಲರಿಗೂ ಅದು ನಿಂತೇ ಇರುತ್ತದೆ! ಯಾಕೆ ನಿಂತಿತು ಎನ್ನುವುದು ಬೇಕು. ಈ ಫಾರಂಗಳನ್ನು ನೋಡಿ, ವಾಪಸ್ ಕಳಿಸಿ, ಸರಿಮಾಡಿಸುವವರು ರೆಕಾರ್ಡ್ ವಿಭಾಗದವರು. ಸಾವಿನ ಲೆಕ್ಕಕ್ಕೂ ಊರಿಗೂ ಇರುವ ನಂಟಿಗೆ ನಮ್ಮ ಊರಿನಲ್ಲೇ ಇತಿಹಾಸ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ಲೇಗು ಬಂದು ಹೋದ ಮೇಲೆ 1903ರಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ನಾವು ಹೊಗಳಿಕೊಳ್ಳುವ ಅಗಲ ರಸ್ತೆ, ಮೋರಿ, ಬಡಾವಣೆಗಳ ಹಿಂದೆ ಆ ಸಾವುಗಳೂ ಇವೆ.

ಮಹದೇವಸ್ವಾಮಿಯ ಫೈಲಿಗೆ ವಾಪಸ್ ಬರೋಣ, ದುಡ್ಡಿನ ಮಾತು ಬಾಕಿ ಇದೆ. ಅವರದು ಬಿಪಿಎಲ್ ಕಾರ್ಡು. ಕೇಂದ್ರದ ಆಯುಷ್ಮಾನ್ ಭಾರತ್ 2018ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು, ಅದೇ ವರ್ಷ ಬಂದ ನಮ್ಮ ಆರೋಗ್ಯ ಕರ್ನಾಟಕದ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಇದನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಒಂದೊಂದು ಚಿಕಿತ್ಸೆಗೆ ಒಂದೊಂದು ಪ್ಯಾಕೇಜು, ಪ್ಯಾಕೇಜಿಗೊಂದು ಸಂಖ್ಯೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂದು ಒಬ್ಬರು ಕೂತಿರುತ್ತಾರೆ, ನೀವೂ ನೋಡಿರಬಹುದು. ಅವರ ಮೇಜಿನಿಂದ ಕ್ಲೇಮು ಆನ್‌ಲೈನ್ ಹೋಗುತ್ತದೆ. ಆ ಕಡೆ ಅದನ್ನು ಪರೀಕ್ಷೆ ಮಾಡಲು ಇನ್ನೊಂದು ತಂಡ. ಖಾಸಗಿ ವಿಮೆಯಾದರೆ ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡುವ ಸಂಸ್ಥೆ) ಡೆಸ್ಕು, ವಿಮಾ ಕಂಪನಿಯ ವೈದ್ಯರು, ಆಡಿಟರು.

ಇಲ್ಲೆಲ್ಲಾ ಏಳುವ ಜಗಳದ ಬಹುಪಾಲು ಚಿಕಿತ್ಸೆಯ ಬಗ್ಗೆ ಅಲ್ಲ, ಕಾಗದದ ಬಗ್ಗೆ. ಡಯಾಲಿಸಿಸ್‌ಗೆ ದುಡ್ಡು ಕೇಳಿದ್ದೀರಿ, ಸಮರಿಯಲ್ಲಿ ಕಿಡ್ನಿಯ ಮಾತೇ ಇಲ್ಲವಲ್ಲ? ಆಧಾರ್‌ನಲ್ಲಿ ಮಹದೇವಸ್ವಾಮಿ, ನಿಮ್ಮ ಫೈಲಿನಲ್ಲಿ ಮಾದಪ್ಪ, ಇಬ್ಬರೂ ಒಬ್ಬರೇನಾ? ಇಂಥ ಪ್ರಶ್ನೆ ಬಂದರೆ ಕ್ಲೇಮು ನಿಲ್ಲುತ್ತದೆ. ರೋಗಿಯ ಮನೆಯವರು ಕಿಟಕಿಯ ಮುಂದೆ ಎರಡು ದಿನ ನಿಲ್ಲುತ್ತಾರೆ. ಬಿಕಾಂ ಮಕ್ಕಳು ಈ ಭಾಗ ಕಿವಿಗೊಟ್ಟು ಕೇಳಿ. ಕ್ಲೇಮಿನ ಕೆಲಸಕ್ಕೆ ಲೆಕ್ಕ ಗೊತ್ತಿರುವವರು ಬೇಕು, ಜೊತೆಗೆ ಕೇಸ್ ಶೀಟ್ ಓದಲು ಬರಬೇಕು. ಎರಡೂ ಬರುವವರು ಸಿಗುವುದು ಕಷ್ಟ.

ಇನ್ನು ನಿಮ್ಮಲ್ಲಿ ಅರ್ಧ ಜನ ಬಂದಿರುವುದೇ ಅಮೆರಿಕದ ಮೆಡಿಕಲ್ ಕೋಡಿಂಗ್ ಬಗ್ಗೆ ಕೇಳಲು, ಅಲ್ವಾ? ಬಸ್ ಸ್ಟಾಪಿನ ಕಂಬಗಳಿಗೆಲ್ಲ ಅದರದ್ದೇ ಚೀಟಿ.

ಅಲ್ಲಿಯ ವ್ಯವಸ್ಥೆಯಲ್ಲಿ ರೋಗಿ ಡಾಕ್ಟರ ಹತ್ತಿರ ಹೋದರೆ ಸಾಕು, ಯಾವ ರೋಗ, ಏನು ಮಾಡಿದರು ಎಂಬ ಎರಡನ್ನೂ ಕೋಡಿನಲ್ಲಿ ಬರೆದು ವಿಮಾ ಕಂಪನಿಗೆ ಕಳಿಸಬೇಕು. ರೋಗಕ್ಕೆ ಅವರದೇ ಐಸಿಡಿ-10-ಸಿಎಂ, ಚಿಕಿತ್ಸೆಗೆ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಸಿಪಿಟಿ. 2015ರ ಅಕ್ಟೋಬರ್ 1ರಂದು ಅವರು ಐಸಿಡಿಯ ಒಂಬತ್ತನೇ ಆವೃತ್ತಿಯಿಂದ ಹತ್ತಕ್ಕೆ ಹಾರಿದಾಗ ಸುಮಾರು 14 ಸಾವಿರ ಇದ್ದ ರೋಗದ ಕೋಡುಗಳು 70 ಸಾವಿರದ ಹತ್ತಿರಕ್ಕೆ ಬಂದವು. ಬಾತುಕೋಳಿ ಕಚ್ಚಿದರೆ ಡಬ್ಲ್ಯೂ61.61, ಬಾತುಕೋಳಿ ಬಂದು ಬಡಿದರೆ ಡಬ್ಲ್ಯೂ61.62. ನಗಬೇಡಿ, ನಿಜವಾಗಿ ಇವೆ. ಇಷ್ಟೊಂದು ಕೋಡು ಹಾಕಲು ಅವರಿಗೆ ಜನ ಸಾಲಲಿಲ್ಲ. ಕೆಲಸ ಚೆನ್ನೈ, ಹೈದರಾಬಾದ್, ಬೆಂಗಳೂರಿಗೆ ಬಂತು.

ಒಳ್ಳೆಯ ಕೆಲಸವೇ. ಆದರೆ ಕಂಬದ ಮೇಲಿನ ಚೀಟಿ ಹೇಳದ ಕೆಲವು ಮಾತು ಹೇಳುತ್ತೇನೆ. ಕೋಡರ್‌ಗಳಿಗೆ ಸಿಪಿಸಿ ಎಂಬ ಪರೀಕ್ಷೆ ನಡೆಸುವುದು ಎಎಪಿಸಿ ಎಂಬ ಅಮೆರಿಕದ ಸಂಸ್ಥೆ. 100 ಪ್ರಶ್ನೆ, ನಾಲ್ಕು ಗಂಟೆ, ಕೋಡಿನ ಪುಸ್ತಕ ಎದುರಿಗೆ ಇಟ್ಟುಕೊಂಡೇ ಬರೆಯಬಹುದು, ಪಾಸಾಗಲು 70. ಪುಸ್ತಕ ನೋಡಿ ಬರೆಯುವ ಪರೀಕ್ಷೆ ಎಂದರೆ ಸುಲಭ ಅಂತ ನಂಬಿ ಮಣ್ಣುಮುಕ್ಕಿದವರು ಬೇಕಾದಷ್ಟು ಜನ ಇದ್ದಾರೆ. ಒಂದು ಪ್ರಶ್ನೆಗೆ ಎರಡೂವರೆ ನಿಮಿಷ ಕೂಡ ಸಿಗುವುದಿಲ್ಲ. ಅನುಭವ ಇಲ್ಲದೆ ಪಾಸಾದವರ ಸರ್ಟಿಫಿಕೇಟಿನಲ್ಲಿ ಸಿಪಿಸಿ ಪಕ್ಕ ಒಂದು "ಎ" ಇರುತ್ತದೆ, ಅಪ್ರೆಂಟಿಸ್ ಅಂತ. ಅನುಭವ ತೋರಿಸಿದ ಮೇಲೆ ಅದು ಹೋಗುತ್ತದೆ. ಇನ್ನೊಂದು ಸಂಸ್ಥೆ ಅಹಿಮಾ, 1928ರಿಂದ ಇದೆ, ಅವರ ಪರೀಕ್ಷೆ ಸಿಸಿಎಸ್. ಅದು ಆಸ್ಪತ್ರೆಯ ಒಳರೋಗಿಗಳ ಕೋಡಿಂಗಿಗೆ ಹೆಚ್ಚು ಹೊಂದುತ್ತದೆ, ಇನ್ನೂ ಗಟ್ಟಿ. ಕೆಲಸಕ್ಕೆ ಸೇರಿದ ಮೇಲೆ ದಿನಕ್ಕೆ ಇಷ್ಟು ಚಾರ್ಟು ಎಂಬ ಟಾರ್ಗೆಟ್ ಇರುತ್ತದೆ. ನೂರಕ್ಕೆ 95ರಷ್ಟು ಸರಿ ಇರಬೇಕು ಎನ್ನುವುದು ರೂಢಿ. ಶುರುವಿನ ಸಂಬಳ ಚಿಕ್ಕದು, ಕತ್ತು ಬೆನ್ನು ಹಿಡಿಯುತ್ತದೆ. ಕೋಡಿಂಗ್‌ಗೆ ಸಾಮಾನ್ಯವಾಗಿ ಹಗಲುಪಾಳಿ. ಅದೇ ಕಂಪನಿಯಲ್ಲಿ ಅಮೆರಿಕದ ವಿಮೆಯವರಿಗೆ ಫೋನ್ ಮಾಡಿ ಬಾಕಿ ವಸೂಲಿ ಮಾಡುವ ಕೆಲಸಕ್ಕೆ ಸೇರಿಸಿಕೊಂಡರೆ ರಾತ್ರಿಪಾಳಿ. ಸೇರುವ ಮುಂಚೆ ಎರಡರಲ್ಲಿ ಯಾವುದು ಎಂದು ಬಾಯಿಬಿಟ್ಟು ಕೇಳಿ. "ನೂರಕ್ಕೆ ನೂರು ಕೆಲಸ ಗ್ಯಾರಂಟಿ" ಎಂದು ಮುಂಗಡ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ಅಲ್ಲಿ ಮೂರು ತಿಂಗಳು ಕೋಡು ಹುಡುಕುವುದನ್ನು ಕಲಿಸುತ್ತಾರೆ, ಮನುಷ್ಯನ ದೇಹ ಕಲಿಸುವುದಿಲ್ಲ. ಯಕೃತ್ತು ಬಲಕ್ಕಿದೆಯೋ ಎಡಕ್ಕಿದೆಯೋ ಗೊತ್ತಿಲ್ಲದ ಕೋಡರ್ ಆರು ತಿಂಗಳು ತಡೆಯುವುದಿಲ್ಲ.

ಇದೇ ಸಂದರ್ಭದಲ್ಲಿ ಒಂದು ಹಳೆಯ ಮಾತು. ತೊಂಬತ್ತರ ದಶಕದ ಕೊನೆಗೆ ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್ ಅಂತ ಹೀಗೇ ಗಾಳಿ ಬೀಸಿತ್ತು. ಅಮೆರಿಕದ ಡಾಕ್ಟರು ಹೇಳಿದ್ದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ ಟೈಪ್ ಮಾಡುವುದು. ಬೀದಿಗೊಂದು ತರಬೇತಿ ಸಂಸ್ಥೆ ಇತ್ತು. ಆಮೇಲೆ ಕಂಪ್ಯೂಟರೇ ಮಾತು ಕೇಳಿ ಬರೆಯತೊಡಗಿತು. ಬರೀ ಟೈಪಿಂಗ್ ವೇಗ ನಂಬಿಕೊಂಡಿದ್ದವರು ಬೇರೆ ದಾರಿ ನೋಡಿಕೊಂಡರು. ಕೇಳುತ್ತಾ ಕೇಳುತ್ತಾ ರೋಗ, ಔಷಧಿ, ಆಪರೇಷನ್ ಅರ್ಥ ಮಾಡಿಕೊಂಡಿದ್ದವರು ಎಡಿಟಿಂಗ್‌ಗೆ, ಕೋಡಿಂಗ್‌ಗೆ, ಕ್ವಾಲಿಟಿಗೆ ಸರಿದರು. ಅವರಲ್ಲಿ ಕೆಲವರು ಈಗ ತಂಡಗಳನ್ನು ನಡೆಸುತ್ತಿದ್ದಾರೆ.

ಬಿಸಿಎ ಮಕ್ಕಳೇ, ನಿಮ್ಮ ಪಾಲು ಈಗ. 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಬಂತು. 14 ಅಂಕಿಯ ಆಭಾ ನಂಬರ್, ಅಂದರೆ ಆರೋಗ್ಯ ಖಾತೆಯ ನಂಬರ್, ಅದರದ್ದು. ಒಂದು ಆಸ್ಪತ್ರೆಯ ದಾಖಲೆಯನ್ನು ರೋಗಿಯ ಒಪ್ಪಿಗೆ ಪಡೆದು ಇನ್ನೊಂದು ಆಸ್ಪತ್ರೆ ನೋಡುವ ಹಾಗೆ ಮಾಡುವುದು ಅದರ ಗುರಿ. ಅದಾಗಬೇಕಾದರೆ ಎರಡೂ ಕಡೆಯ ಸಾಫ್ಟ್‌ವೇರ್ ಒಂದೇ ಭಾಷೆ ಮಾತಾಡಬೇಕು. ಫೈರ್ ಎಂಬ ವಿನಿಮಯದ ಮಾನದಂಡ, ಸ್ನೋಮೆಡ್ ಸಿಟಿ ಎಂಬ ವೈದ್ಯಕೀಯ ಪದಕೋಶ, ಇವು ಬರುವುದು ಅಲ್ಲಿ. ಭಾರತ ಸ್ನೋಮೆಡ್‌ಗೆ 2014ರಲ್ಲೇ ಸದಸ್ಯ ಆಗಿದೆ, ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ, ಪುಣೆಯ ಸಿಡ್ಯಾಕ್ ಅದನ್ನು ನೋಡಿಕೊಳ್ಳುತ್ತದೆ. ಕೋಡ್ ಬರೆಯುವ ಎಂಜಿನಿಯರ್‌ಗಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ, ಮೈಸೂರಿನ ಹೆಬ್ಬಾಳದ ಐಟಿ ಕಂಪನಿಗಳ ಕಡೆ ಹೋದರೆ ಸಾಕು. ಡಾಕ್ಟರು ಹೇಳುವುದನ್ನು ಎಂಜಿನಿಯರ್‌ಗೆ, ಎಂಜಿನಿಯರ್ ಹೇಳುವುದನ್ನು ನರ್ಸಿಗೆ ತಿಳಿಸುವವರು ಕಮ್ಮಿ.

ಒಂದು ಸಣ್ಣ ಉದಾಹರಣೆ. ಒಪಿಡಿಯ ಸಾಫ್ಟ್‌ವೇರಿನಲ್ಲಿ ರೋಗಿಯ ತೊಂದರೆ ಏನು ಎನ್ನುವುದಕ್ಕೆ ಒಂದು ಪಟ್ಟಿ ಕೊಟ್ಟಿರುತ್ತಾರೆ, ಇಂಗ್ಲಿಷ್ ಅಕ್ಷರ ಕ್ರಮದಲ್ಲಿ. ಮೊದಲಿಗೆ ಅಬ್ಡಾಮಿನಲ್ ಪೇನ್. ಹೊರಗೆ ಇನ್ನೂರು ಜನರ ಸಾಲು. ಕೌಂಟರಿನ ಹುಡುಗ ಮೊದಲನೆಯದನ್ನೇ ಒತ್ತುತ್ತಾ ಹೋಗುತ್ತಾನೆ. ತಿಂಗಳ ಕೊನೆಯ ವರದಿಯಲ್ಲಿ ಇಡೀ ತಾಲ್ಲೂಕಿಗೆ ಹೊಟ್ಟೆನೋವು! ಸಾಫ್ಟ್‌ವೇರಿನಲ್ಲಿ ದೋಷ ಇಲ್ಲ, ಹುಡುಗ ಸೋಮಾರಿಯೂ ಅಲ್ಲ. ಆ ಜಾಗದಲ್ಲಿ ಅಂಥ ಪಟ್ಟಿ ಇಡಬಾರದು ಎಂದು ಹೇಳುವವರು ಇರಲಿಲ್ಲ, ಅಷ್ಟೇ. ಹಾಗೆ ಹೇಳುವ ಕೆಲಸಕ್ಕೆ ಹೆಲ್ತ್ ಇನ್ಫರ್ಮ್ಯಾಟಿಕ್ಸ್ ಎನ್ನುತ್ತಾರೆ, ಸಂಬಳವೂ ಚೆನ್ನಾಗಿದೆ.

ಗುಟ್ಟು ಕಾಯುವುದು ಇನ್ನೊಂದು ಉದ್ಯೋಗ. ರೋಗಿಯೋ ಅವರು ಅಧಿಕಾರ ಕೊಟ್ಟವರೋ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಡಬೇಕು ಎಂದು 2002ರ ವೈದ್ಯಕೀಯ ಮಂಡಳಿಯ ನಿಯಮ ಹೇಳುತ್ತದೆ. ಬೇರೆಯವರು ಕೇಳಿದರೆ? ಕೇಳುತ್ತಾರೆ. ವಿಮಾ ಏಜೆಂಟ್ ಕೇಳುತ್ತಾನೆ. ಆಸ್ತಿ ಜಗಳದಲ್ಲಿ ದಾಯಾದಿ ಕೇಳುತ್ತಾನೆ. ಹೆಣ್ಣು ನೋಡಿಕೊಂಡು ಹೋದವರ ಕಡೆಯಿಂದ, "ನಮ್ಮ ಹುಡುಗೀನೇ ಮೇಡಂ, ಏನಾಗಿತ್ತು ಅಂತ ಸುಮ್ನೆ ನೋಡ್ಬೇಕಿತ್ತು" ಎಂದು ಬರುತ್ತಾರೆ. ಇಂಥವರನ್ನು ನಯವಾಗಿ ವಾಪಸ್ ಕಳಿಸುವುದು ಹಿಂದಿನಿಂದ ನಮ್ಮ ಕೆಲಸವೇ. ಈಗ ಅದಕ್ಕೆ ಕಾನೂನಿನ ಬಲ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಎಕ್ಸ್‌ರೇ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವ ಕಾಲ ಮುಗಿಯಬೇಕು. ಕಾನೂನು ಓದಿದವರಿಗೂ ಇಲ್ಲಿ ಜಾಗ ಇದೆ.

ಬೇಗ ಬೇಗ ಇನ್ನೆರಡು. ಕ್ಯಾನ್ಸರ್ ರಿಜಿಸ್ಟ್ರಿ: ಯಾರಿಗೆ, ಎಲ್ಲಿ, ಯಾವ ಹಂತದ ಕ್ಯಾನ್ಸರ್ ಎಂಬ ದಾಖಲೆ. ಐಸಿಎಂಆರ್‌ನ ರಾಷ್ಟ್ರೀಯ ಕೇಂದ್ರ ಬೆಂಗಳೂರಿನಲ್ಲೇ ಇದೆ. ಇನ್ನೊಂದು ಆಯುರ್ವೇದ. ಐಸಿಡಿಯ ಹನ್ನೊಂದನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂತು. ಆಯುರ್ವೇದ, ಸಿದ್ಧ, ಯುನಾನಿ ಪದಗಳಿಗೂ ಕೋಡು ಕೊಡುವ ಭಾಗ 2024ರ ಜನವರಿಯಲ್ಲಿ ಸೇರಿತು. 1908ರಿಂದ ಆಯುರ್ವೇದ ಕಾಲೇಜು ಇರುವ ಊರು ನಮ್ಮದು. ಆಮವಾತಕ್ಕೂ ಕೋಡು ಹಾಕುವ ಕೆಲಸ ಇಲ್ಲಿಯವರಿಗಲ್ಲದೆ ಇನ್ಯಾರಿಗೆ ಬರಬೇಕು?

ಓದುವುದು ಎಲ್ಲಿ ಅಂತ ಕೇಳುತ್ತೀರಿ. ಕರ್ನಾಟಕದ ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾದಲ್ಲಿ ಮೆಡಿಕಲ್ ರೆಕಾರ್ಡ್ಸ್ ಟೆಕ್ನಾಲಜಿ ಇದೆ. ಮಣಿಪಾಲದಲ್ಲಿ ಹೆಲ್ತ್ ಇನ್ಫರ್ಮೇಶನ್ ಮ್ಯಾನೇಜ್‌ಮೆಂಟ್‌ನಲ್ಲೇ ಬಿಎಸ್ಸಿ, ಎಂಎಸ್ಸಿ ಇದೆ. ಪುದುಚೇರಿಯ ಜಿಪ್‌ಮರ್, ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಮೆಡಿಕಲ್ ರೆಕಾರ್ಡ್ ತರಬೇತಿಗೆ ಹಳೆಯ ಹೆಸರು. 2021ರ ಅಲೈಡ್ ಆರೋಗ್ಯ ವೃತ್ತಿಗಳ ಕಾಯ್ದೆಯಲ್ಲಿ ನಮ್ಮ ಕಸುಬನ್ನೂ ಒಂದು ವರ್ಗವಾಗಿ ಸೇರಿಸಿದ್ದಾರೆ. ಫಿಸಿಯೋಥೆರಪಿ, ಲ್ಯಾಬಿನವರ ಸಾಲಿನಲ್ಲಿ ನಾವೂ ಇದ್ದೇವೆ. ನೆಲಮಾಳಿಗೆಯ ಟ್ಯೂಬ್‌ಲೈಟಿನ ಕೆಳಗೆ ಕೂತಿದ್ದವರಿಗೆ ಇದು ಸಣ್ಣ ವಿಷಯ ಅಲ್ಲ.

ಆಮೇಲೆ ಪ್ರಶ್ನೆಗಳು ಬಂದವು.

ಶ್ರೀರಂಗಪಟ್ಟಣದಿಂದ ದಿನಾ ಓಡಾಡುವ ಒಬ್ಬ ಹುಡುಗಿ ಕೇಳಿದಳು: "ಮೇಡಂ, ಮನೇಲಿ ಬೆಂಗಳೂರಿಗೆ ಕಳ್ಸಲ್ಲ. ಇಲ್ಲೇ ಇದ್ದು ಮಾಡ್ಬೋದಾ?"

ಮಾಡಬಹುದಮ್ಮ. ಕ್ಲೇಮು, ಡಾಕ್ಯುಮೆಂಟೇಶನ್, ರೆಕಾರ್ಡ್ಸ್ ಕೆಲಸ ಆಸ್ಪತ್ರೆ ಇರುವ ಊರಲ್ಲೆಲ್ಲ ಇದೆ. ಮೈಸೂರಿನಲ್ಲೂ ಇದೆ, ಮಂಡ್ಯದಲ್ಲೂ ಇದೆ. ಕೋಡಿಂಗನ್ನು ಮನೆಯಿಂದ ಮಾಡಲು ಬಿಡುತ್ತಾರೆ, ಆದರೆ ಸಾಮಾನ್ಯವಾಗಿ ಅನುಭವ ಇರುವವರಿಗೆ. ಆಗ ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವಂಥ ಕೋಣೆ ಬೇಕು. ಪರದೆಯ ಮೇಲೆ ಇರುವುದು ಯಾರದೋ ಕಾಯಿಲೆ, ಅತ್ತಿಗೆ ಕಾಫಿ ಕೊಡಲು ಬಂದು ಇಣುಕುವ ಹಾಗಿರಬಾರದು. ಮೊದಲ ಎರಡು ವರ್ಷ ಆಫೀಸಿಗೆ ಹೋಗಿ ನಾಲ್ಕು ಜನರ ಜೊತೆ ಕೂತು ಕಲಿಯುವುದೇ ಮೇಲು.

ಬಿಸಿಎ ಹುಡುಗ ಒಬ್ಬ: "ಎಐ ಬಂದು ಇದನ್ನೆಲ್ಲಾ ತಿಂದುಹಾಕಲ್ವಾ?"

ಒಂದಷ್ಟು ತಿನ್ನುತ್ತದೆ. ಎಕ್ಸ್‌ರೇ, ರಕ್ತ ಪರೀಕ್ಷೆಯಂಥ ಸರಳ ಚಾರ್ಟುಗಳಿಗೆ ಸಾಫ್ಟ್‌ವೇರೇ ಕೋಡು ಸೂಚಿಸುವುದು ಶುರುವಾಗಿ ಬಹಳ ದಿನ ಆಯಿತು. ಅದನ್ನೇ ನಂಬಿಕೊಂಡಿರುವ ಕೋಡರ್‌ಗೆ ತೊಂದರೆ ಇದೆ, ನಾನು ಸುಳ್ಳು ಸಮಾಧಾನ ಹೇಳುವುದಿಲ್ಲ. ಆದರೆ ಯಂತ್ರ ಹಾಕಿದ ಕೋಡಿಗೂ ಯಾರೋ ಒಬ್ಬರು ಜವಾಬ್ದಾರಿ ಹೊರಬೇಕು. ಸಮರಿಯಲ್ಲಿ ಸ್ನೇಕ್ ಬೈಟ್ ಅಂತ ಮಾತ್ರ ಇದ್ದು, ಹೆಬ್ಬೆಟ್ಟು ಒತ್ತಿದ ಒಪ್ಪಿಗೆ ಪತ್ರ ಸ್ಕ್ಯಾನ್ ಆಗದೆ ಉಳಿದಿದ್ದರೆ ಯಂತ್ರಕ್ಕೆ ಏನು ಕಾಣುತ್ತದೆ? ಕಂಪನಿಗಳು ಈಗ ಆಡಿಟರ್‌ಗಳನ್ನು ಹುಡುಕುತ್ತಿರುವುದು ಇದಕ್ಕೇ. ಕೋಡಿಂಗ್ ಕಲಿಯಿರಿ, ಅಲ್ಲೇ ನಿಲ್ಲಬೇಡಿ.

ಹಿಂದಿನ ಸಾಲಿನಿಂದ ಇನ್ನೊಬ್ಬರು: "ಪರೀಕ್ಷೆ ಮುಗಿಯೋಕೆ ಇನ್ನೂ ಟೈಮಿದೆ. ಈಗ್ಲೇ ದುಡ್ಡಿಲ್ದೆ ಏನಾದ್ರೂ ಶುರು ಮಾಡ್ಬೋದಾ?"

ಮಾಡಬಹುದು. ಪಿಯುಸಿಯ ಬಯಾಲಜಿ ಪುಸ್ತಕ ಮನೆಯಲ್ಲಿ ಇದ್ದರೆ ತೆಗೆಯಿರಿ, ದೇಹದ ಭಾಗದ ಪಾಠಗಳನ್ನು ಮತ್ತೆ ಓದಿ. ಐಸಿಡಿಯ ಹತ್ತೂ ಹನ್ನೊಂದೂ ವಿಶ್ವ ಆರೋಗ್ಯ ಸಂಸ್ಥೆಯ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಆಮೇಲೆ ಮನೆಯ ಬೀರುವಿನಲ್ಲಿ ಅಜ್ಜಿಯದೋ ಅಪ್ಪನದೋ ಹಳೆಯ ಡಿಸ್ಚಾರ್ಜ್ ಸಮರಿ ಇರುತ್ತದೆ. ಅವರನ್ನು ಕೇಳಿ, ಒಪ್ಪಿದರೆ ಮಾತ್ರ ತೆಗೆದುಕೊಳ್ಳಿ. ಯಾವ ಕಾಯಿಲೆಗೆ ಸೇರಿಸಿದರು, ಜೊತೆಗೆ ಶುಗರ್, ಬಿಪಿ ಇತ್ತಾ, ಕೊಟ್ಟ ಪ್ರತಿ ಮಾತ್ರೆಗೂ ಬರೆದ ಕಾಯಿಲೆಗೂ ತಾಳೆ ಆಗುತ್ತದಾ ನೋಡಿ. ಶುಗರ್ ಮಾತ್ರೆ ಇದ್ದು ಶುಗರ್ ಅಂತ ಎಲ್ಲೂ ಬರೆದಿಲ್ಲದಿದ್ದರೆ ಪಕ್ಕದಲ್ಲಿ ಗುರುತು ಹಾಕಿ. ಮೊದಲ ಸಲ ಒಂದು ಸಮರಿಗೆ ಒಂದು ಭಾನುವಾರವೇ ಹಿಡಿಯಬಹುದು.